ತುಮಕೂರಿನಿಂದ ಬೆಂಗಳೂರಿಗೆ ಒಂದು ದಿನ: ಊರನ್ನು ಮೇಲಿಂದ ನೋಡೋಕೆ ಎಲ್ಲೆಲ್ಲಿ ಹತ್ತಬಹುದು?

ತುಮಕೂರು ಜಿಲ್ಲೆಯ ಜನಕ್ಕೆ ಬೆಂಗಳೂರು ದೂರದ ಊರೇನಲ್ಲ. ಆಸ್ಪತ್ರೆ, ಕೋರ್ಟು, ಪರೀಕ್ಷೆ, ಮದುವೆ ಜವಳಿ, ಮಕ್ಕಳ ಕಾಲೇಜು ಅಂತ ತಿಂಗಳಿಗೊಮ್ಮೆಯಾದ್ರೂ 70 ಕಿ.ಮೀ. ಪ್ರಯಾಣ ಇದ್ದೇ ಇರುತ್ತೆ. ಆದರೆ ಹೋದ ಕೆಲಸ ಮುಗಿದ ಮೇಲೆ ಉಳಿಯೋ ಮೂರ್ನಾಲ್ಕು ಗಂಟೆಯನ್ನು ಹೆಚ್ಚಿನವರು ಮೆಜೆಸ್ಟಿಕ್‌ನಲ್ಲೋ ಯಾವುದಾದರೂ ಮಾಲ್‌ನಲ್ಲೋ ಕಳೆದು ವಾಪಸ್ ಬಸ್ ಹತ್ತುತ್ತಾರೆ. ಅಷ್ಟೇ ಸಮಯದಲ್ಲಿ, ಮೆಟ್ರೊ ಟಿಕೆಟ್ಟಿನ ಖರ್ಚಿನಲ್ಲಿ, ನಗರವನ್ನು ಎತ್ತರದಿಂದ ನೋಡಿ ಬರಬಹುದಾದ ಜಾಗಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಮುಖ್ಯವಾದವು, ಹೋಗುವ ದಾರಿ, ಹೋಗಬೇಕಾದ ಹೊತ್ತು ಮತ್ತು ವಹಿಸಬೇಕಾದ ಎಚ್ಚರಿಕೆಯ ವಿವರ ಇಲ್ಲಿದೆ.

ಬೆಂಗಳೂರೇ ಒಂದು ದಿಣ್ಣೆ

ಮೊದಲು ಈ ಊರು ಕೂತಿರುವ ಜಾಗ ಗೊತ್ತಾದರೆ ನೋಡೋದು ಸುಲಭ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಂದರೆ ತುಮಕೂರಿಗಿಂತಲೂ ಮೇಲೆ. ಉತ್ತರದಿಂದ ದಕ್ಷಿಣಕ್ಕೆ ಒಂದು ಏಣು ಊರಿನ ನಡುವೆ ಹಾದುಹೋಗಿದೆ. ಈ ಏಣಿನ ಪಶ್ಚಿಮಕ್ಕೆ ಬಿದ್ದ ಮಳೆ ನೀರು ವೃಷಭಾವತಿ ಸೇರಿ, ಅರ್ಕಾವತಿ ಮೂಲಕ ಕಾವೇರಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳ ಕಡೆ ಹರಿದು ದಕ್ಷಿಣ ಪಿನಾಕಿನಿ ಸೇರುತ್ತೆ. ಒಂದೇ ಊರಿನಲ್ಲಿ ಬಿದ್ದ ಮಳೆ ಎರಡು ನದಿಗಳ ಪಾಲಾಗುತ್ತದೆ.

ದಿಣ್ಣೆಯ ಮೇಲಿರುವ ಊರಿಗೆ ತನ್ನದೇ ದೊಡ್ಡ ನದಿ ಇಲ್ಲ. ಹಾಗಾಗಿ ಕೆಂಪೇಗೌಡರ ಕಾಲದಿಂದಲೂ ಇಲ್ಲಿ ಇಳಿಜಾರಿಗೆ ಏರಿ ಕಟ್ಟಿ ಕೆರೆ ಮಾಡಿದರು. ಇವತ್ತು ಕುಡಿಯುವ ನೀರು ಬರೋದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಕಾವೇರಿಯನ್ನು ಪಂಪ್ ಮಾಡಿ ತರಲಾಗುತ್ತೆ. ಯಾವ ಬಂಡೆ ಹತ್ತಿ ನಿಂತು ಊರು ನೋಡಿದರೂ ಈ ಲೆಕ್ಕ ನೆನಪಿನಲ್ಲಿದ್ದರೆ ಕಾಣುವುದಕ್ಕೆ ಅರ್ಥ ಬರುತ್ತೆ.

ಹೋಗೋದು ಹೇಗೆ?

ತುಮಕೂರು ಕಡೆಯಿಂದ ಬರುವವರಿಗೆ ಹಸಿರು ಮಾರ್ಗದ ಮೆಟ್ರೊ ಅನುಕೂಲ. 2024ರ ನವೆಂಬರ್‌ನಲ್ಲಿ ಈ ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ವಿಸ್ತರಣೆ ಆಗಿದೆ. ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಟ್ರಾಫಿಕ್‌ನಲ್ಲಿ ಕೂರಬೇಕಿಲ್ಲ. ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಅಥವಾ ಗೊರಗುಂಟೆಪಾಳ್ಯದಲ್ಲಿ ಇಳಿದು ಹತ್ತಿರದ ನಿಲ್ದಾಣಕ್ಕೆ ಹೋದರೆ ಸಾಕು. ರೈಲಿನಲ್ಲಿ ಬರುವವರು ಯಶವಂತಪುರದಲ್ಲಿ ಇಳಿಯಬಹುದು, ಮೆಟ್ರೊ ಪಕ್ಕದಲ್ಲೇ ಇದೆ.

2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿತು. ಆ ಪರಿಷ್ಕರಣೆಯಲ್ಲಿ ಕನಿಷ್ಠ 10 ರೂ., ಗರಿಷ್ಠ 90 ರೂ. ಆಯಿತು. ಇಡೀ ದಿನ ಓಡಾಡುವವರು ದೂರ ನೋಡಿಕೊಂಡು ಜಾಗ ಆರಿಸಿಕೊಳ್ಳುವುದು ಒಳ್ಳೇದು. ಭಾನುವಾರ ಬೆಳಿಗ್ಗೆ ಮೆಟ್ರೊ ಬೇರೆ ದಿನಗಳಿಗಿಂತ ತಡವಾಗಿ ಶುರುವಾಗುತ್ತೆ ಅನ್ನೋದು ನೆನಪಿರಲಿ.

1. ಮೆಟ್ರೊ ಕಿಟಕಿಯೇ ಮೊದಲ ವ್ಯೂ ಪಾಯಿಂಟ್

ಮಾದಾವರದಿಂದ ಸಂಪಿಗೆ ರಸ್ತೆಯವರೆಗೆ ರೈಲು ಕಂಬಗಳ ಮೇಲೆ ಓಡುತ್ತೆ. ಪೀಣ್ಯ ಕೈಗಾರಿಕಾ ಪ್ರದೇಶದ ಶೀಟಿನ ಛಾವಣಿಗಳು, ಯಶವಂತಪುರದ ರೈಲು ಹಳಿಗಳು, ರಾಜಾಜಿನಗರದ ಮನೆಗಳ ಮಹಡಿ ಮೇಲಿನ ನೀರಿನ ಟ್ಯಾಂಕುಗಳು, ತುಳಸಿ ಕಟ್ಟೆ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಕಾಣುತ್ತೆ. ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಮಾತ್ರ ನೆಲದಡಿ. ನ್ಯಾಷನಲ್ ಕಾಲೇಜು ಹತ್ತಿರ ರೈಲು ಮತ್ತೆ ಮೇಲೆ ಬರುತ್ತೆ. ಅಲ್ಲಿಂದ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆವರೆಗೂ ಮರಗಳ ತಲೆ ಮೇಲೆ ಪ್ರಯಾಣ.

ಮೆಟ್ಟಿಲು ಹತ್ತಲಾಗದ ವಯಸ್ಸಾದವರು ಜೊತೆಗಿದ್ದರೆ ಇದೇ ಉತ್ತಮ ಆಯ್ಕೆ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ ಹೋದರೆ ಕಿಟಕಿ ಪಕ್ಕ ಕೂರೋಕೆ ಜಾಗ ಸಿಗುವ ಸಾಧ್ಯತೆ ಹೆಚ್ಚು. ಬೆಳಗಿನ ಮತ್ತು ಸಂಜೆಯ ಕಚೇರಿ ಹೊತ್ತಿನಲ್ಲಿ ನಿಲ್ಲೋಕೂ ಕಷ್ಟ.

2. ಹರೇ ಕೃಷ್ಣ ಗಿರಿ, ರಾಜಾಜಿನಗರ

ಇಸ್ಕಾನ್ ದೇವಸ್ಥಾನ ಇರುವುದು ಒಂದು ಗುಡ್ಡದ ಮೇಲೆ. 1997ರಲ್ಲಿ ಉದ್ಘಾಟನೆಯಾದ ಈ ದೇವಸ್ಥಾನಕ್ಕೆ ಮಹಾಲಕ್ಷ್ಮಿ ಅಥವಾ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಮೇಲೆ ನಿಂತರೆ ಮಲ್ಲೇಶ್ವರ, ಯಶವಂತಪುರದ ಕಡೆಯ ನೋಟ ಸಿಗುತ್ತೆ. ಮಧ್ಯಾಹ್ನ ಕೆಲವು ಗಂಟೆ ದರ್ಶನ ಇರೋದಿಲ್ಲ. ಹಾಗಾಗಿ ಬೆಳಿಗ್ಗೆ ಹೋಗಿ, ಇಲ್ಲದಿದ್ದರೆ ಸಂಜೆ ಹೋಗಿ. ಒಳಗೆ ಫೋಟೊ ತೆಗೆಯುವಂತಿಲ್ಲ. ಶನಿವಾರ, ಭಾನುವಾರ ಮತ್ತು ವೈಕುಂಠ ಏಕಾದಶಿಯಂಥ ದಿನಗಳಲ್ಲಿ ಸರತಿ ಸಾಲು ಉದ್ದ ಇರುತ್ತೆ. ಬರೀ ನೋಟಕ್ಕಾಗಿ ಹೋಗುವವರು ವಾರದ ದಿನ ಆರಿಸಿಕೊಳ್ಳಿ.

3. ಲಾಲ್‌ಬಾಗ್ ಬಂಡೆ: ಒಂದೇ ಜಾಗ ನೋಡೋದಾದ್ರೆ ಇದು

ಲಾಲ್‌ಬಾಗ್ ಅಂದರೆ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ ಅಂತ ಎಲ್ಲರಿಗೂ ಗೊತ್ತು. ಹೈದರಾಲಿ 1760ರಲ್ಲಿ ಶುರು ಮಾಡಿಸಿ, ಟಿಪ್ಪು ಮುಂದುವರಿಸಿದ 240 ಎಕರೆಯ ತೋಟವಿದು. ಆದರೆ ಇಲ್ಲಿ ಅದಕ್ಕಿಂತ ಎಷ್ಟೋ ಹಳೆಯದಾದ ಇನ್ನೊಂದು ವಸ್ತು ಇದೆ: ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ಕಲ್ಲನ್ನು ಭೂವಿಜ್ಞಾನಿಗಳು 'ಪೆನಿನ್ಸುಲರ್ ನೈಸ್' ಅಂತ ಕರೀತಾರೆ. ದಕ್ಷಿಣ ಭಾರತದ ದೊಡ್ಡ ಭಾಗಕ್ಕೆ ತಳಪಾಯವಾಗಿರುವ ಶಿಲೆ ಇದು. ಲಾಲ್‌ಬಾಗ್ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಲಾಗಿದೆ.

ಬಂಡೆಯ ತುದಿಯಲ್ಲಿ ಕೆಂಪೇಗೌಡ ಗೋಪುರ ಇದೆ. ಇಂಥ ಗೋಪುರಗಳು ನಾಲ್ಕು. ಉಳಿದ ಮೂರು ಕೆಂಪಾಂಬುಧಿ ಕೆರೆ ಏರಿ, ಹಲಸೂರು ಕೆರೆ ಸಮೀಪ ಮತ್ತು ಮೇಖ್ರಿ ವೃತ್ತದ ಹತ್ತಿರ ಇವೆ. ಊರು ಎಲ್ಲಿವರೆಗೆ ಬೆಳೆಯಬಹುದು ಅಂತ ಗುರುತು ಮಾಡೋಕೆ ಇವನ್ನು ಕಟ್ಟಿಸಿದರು ಅನ್ನೋದು ಜನಜನಿತ ಮಾತು. ಇವತ್ತು ಬಂಡೆ ಮೇಲೆ ನಿಂತು ಸುತ್ತ ತಿರುಗಿದರೆ ಒಂದು ಕಡೆ ತೋಟದ ಮರಗಳ ಹಸಿರು, ಉಳಿದ ಕಡೆ ಕಣ್ಣು ಹಾಯುವಷ್ಟು ದೂರ ಕಟ್ಟಡ. ಗಡಿ ಎಂದು ಹೇಳುವ ಗೋಪುರ ಈಗ ಊರಿನ ನಡುಮಧ್ಯ ಇದೆ. ಬೆಂಗಳೂರು ಎಷ್ಟು ಬೆಳೆದಿದೆ ಅಂತ ಮಕ್ಕಳಿಗೆ ಹೇಳಿಕೊಡೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗೋದಿಲ್ಲ.

ಬಂಡೆ ಕಡಿದಾಗಿಲ್ಲ. ನಿಧಾನಕ್ಕೆ ನಡೆದರೆ ಮಂಡಿ ನೋವಿದ್ದವರೂ ಅರ್ಧದವರೆಗಾದರೂ ಹೋಗಬಹುದು. ತೋಟ ಬೆಳಿಗ್ಗೆ 6ಕ್ಕೆ ತೆರೆಯುತ್ತೆ, ಪ್ರವೇಶ ಶುಲ್ಕ ಇದೆ. ಲಾಲ್‌ಬಾಗ್ ಮೆಟ್ರೊ ನಿಲ್ದಾಣ ಪಶ್ಚಿಮ ಗೇಟಿನ ಹತ್ತಿರ ಇದೆ. ಬಂಡೆಗೆ ಅಲ್ಲಿಂದ ತೋಟದೊಳಗೆ ಸ್ವಲ್ಪ ದೂರ ನಡೆಯಬೇಕು. ನಡೆಯಲಾಗದವರಿಗೆ ತೋಟದೊಳಗೆ ಬ್ಯಾಟರಿ ವಾಹನ ಉಂಟು. ಜನವರಿ ಮತ್ತು ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜನಸಂದಣಿ ವಿಪರೀತ. ಬಂಡೆ ನೋಡೋಕೇ ಬರುವವರು ಆ ದಿನಗಳನ್ನು ತಪ್ಪಿಸಿ.

4. ಕಹಳೆ ಬಂಡೆ, ಬಸವನಗುಡಿ

ಅದೇ ಹಳೆಯ ಶಿಲೆ ಬಸವನಗುಡಿಯಲ್ಲೂ ಮೇಲೆದ್ದಿದೆ. ಬ್ಯೂಗಲ್ ರಾಕ್ ಅಂತ ಹೆಸರಾದ ಈ ಕಹಳೆ ಬಂಡೆಯ ಸುತ್ತ ಉದ್ಯಾನ ಇದೆ, ಪಕ್ಕದಲ್ಲೇ ದೊಡ್ಡ ಗಣಪತಿ ಮತ್ತು ದೊಡ್ಡ ಬಸವಣ್ಣನ ಗುಡಿ. ಒಂದೇ ಕಲ್ಲಿನಲ್ಲಿ ಕಡೆದ ಬಸವಣ್ಣ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ವೃಷಭಾವತಿ ನದಿ ಹುಟ್ಟೋದು ಈ ಬಸವನ ಪಾದದಲ್ಲಿ ಅನ್ನೋ ನಂಬಿಕೆ ಇದೆ. ನದಿಯ ಹೆಸರಿನಲ್ಲೂ ವೃಷಭ ಇದೆ. ಹುಟ್ಟುವ ಜಾಗದಲ್ಲಿ ಪೂಜೆ ಪಡೆಯುವ ಆ ನದಿ ಕೆಳಗೆ ಮೈಸೂರು ರಸ್ತೆ ಪಕ್ಕದಲ್ಲಿ ಕೊಳಚೆ ನೀರಾಗಿ ಹರಿಯುತ್ತಿದೆ. ಎರಡನ್ನೂ ಒಂದೇ ದಿನ ನೋಡಿದವರಿಗೆ ನಗರದ ಕಥೆ ಬೇರೆ ಯಾರೂ ಹೇಳಬೇಕಿಲ್ಲ.

ಈಗ ಮರಗಳು ದಟ್ಟವಾಗಿರುವುದರಿಂದ ಇಲ್ಲಿ ವಿಶಾಲ ನೋಟ ಸಿಗೋದಿಲ್ಲ. ಆದರೆ ನೆರಳು, ಗಾಳಿ, ಕೂರೋಕೆ ಕಲ್ಲು ಧಾರಾಳವಾಗಿದೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ಗಾಂಧಿ ಬಜಾರ್ ಮೂಲಕ ನಡೆದು ಬಂದರೆ ಹೂವು, ಹಣ್ಣು, ತಿಂಡಿ ಅಂಗಡಿಗಳ ಬೀದಿಯನ್ನೂ ನೋಡಿದಂತಾಗುತ್ತೆ. 1943ರಿಂದ ಇರುವ ವಿದ್ಯಾರ್ಥಿ ಭವನದ ಮಸಾಲೆ ದೋಸೆ ತಿನ್ನಬೇಕು ಅನ್ನೋರು ಶುಕ್ರವಾರ ಹೋಗಬೇಡಿ, ಅವತ್ತು ರಜೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತೆ. ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬೆಳೆಗಾರರಿಗೆ ಈ ಪರಿಷೆ ಹೊಸದೇನಲ್ಲ.

5. ರಾಗಿಗುಡ್ಡ, ಜಯನಗರ

ರಾಗಿಯ ರಾಶಿಯೇ ಕಲ್ಲಾಗಿ ಗುಡ್ಡವಾಯಿತು ಅನ್ನೋ ಕಥೆ ಇರುವ ಈ ಗುಡ್ಡದ ಮೇಲೆ ಪ್ರಸನ್ನ ಆಂಜನೇಯ ಸ್ವಾಮಿ ದೇವಸ್ಥಾನ ಇದೆ. ಮೆಟ್ಟಿಲು ಹತ್ತಿ ಹೋದರೆ ಜಯನಗರ, ಜೆ.ಪಿ. ನಗರದ ಕಡೆ ನೋಟ ತೆರೆಯುತ್ತೆ. ಹನುಮ ಜಯಂತಿ ಸಮಯದಲ್ಲಿ ಭಾರೀ ಜನ.

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಇಲ್ಲಿಗೆ ಬರೋದು ಸುಲಭವಾಗಿದೆ. ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆವರೆಗೆ ಬಂದು ಬದಲಾಯಿಸಿದರೆ ಮುಂದಿನ ನಿಲ್ದಾಣವೇ ರಾಗಿಗುಡ್ಡ. ಅದರ ನಂತರದ್ದು ಜಯದೇವ ಆಸ್ಪತ್ರೆ ನಿಲ್ದಾಣ. ಇಲ್ಲಿ ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಮೆಟ್ರೊ. ನೆಲದಿಂದ ಬಹಳ ಎತ್ತರದಲ್ಲಿರುವ ಈ ನಿಲ್ದಾಣದಿಂದ ಬಿ.ಟಿ.ಎಂ. ಲೇಔಟ್, ಬನ್ನೇರುಘಟ್ಟ ರಸ್ತೆ ಕಡೆ ಊರು ಹರಡಿಕೊಂಡಿರೋದು ಕಾಣುತ್ತೆ.

6. ವಿಧಾನಸೌಧ ಮತ್ತು ಹೈಗ್ರೌಂಡ್ಸ್

ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧದ ಎದುರೇ ಮೇಲೆ ಬರಬಹುದು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕೆಲಸ ಶುರುವಾಗಿ 1956ರಲ್ಲಿ ಪೂರ್ಣಗೊಂಡ ಕಟ್ಟಡ ಇದು. ಬಹುಕಾಲ ಜನಸಾಮಾನ್ಯರು ಹೊರಗೆ ನಿಂತು ಫೋಟೊ ತೆಗೆಸಿಕೊಂಡು ಹೋಗ್ತಿದ್ರು. 2025ರ ಜೂನ್‌ನಿಂದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಭಾನುವಾರ ಹಾಗೂ ಎರಡನೇ ಮತ್ತು ನಾಲ್ಕನೇ ಶನಿವಾರ ಮಾರ್ಗದರ್ಶಕರ ಜೊತೆ ಒಳಗೆ ನೋಡುವ ವ್ಯವಸ್ಥೆ ಮಾಡಿದೆ. ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು, ಗುರುತಿನ ಚೀಟಿ ಕಡ್ಡಾಯ. ಆರಂಭದಲ್ಲಿ ನಿಗದಿಯಾದ ದರ 50 ರೂ. ಅಧಿವೇಶನ ಮತ್ತು ಸರ್ಕಾರಿ ಕಾರ್ಯಕ್ರಮಗಳಿದ್ದರೆ ಬದಲಾವಣೆ ಇರಬಹುದು, ವಿಚಾರಿಸಿಕೊಂಡೇ ಹೊರಡಿ.

ಇಲ್ಲಿಂದ ರೇಸ್‌ಕೋರ್ಸ್ ಕಡೆ ಹೋದರೆ ಹೈಗ್ರೌಂಡ್ಸ್. ಹೆಸರೇ ಹೇಳುವಂತೆ ಎತ್ತರದ ನೆಲ. ನೀರು ಸುತ್ತಲಿಗೆ ಹರಿದು ಹೋಗಲಿ ಅಂತಲೇ ಇಲ್ಲಿ ಜಲಾಗಾರ ಮಾಡಿದ್ದಾರೆ. ಎತ್ತರದಿಂದ ತಗ್ಗಿಗೆ ಬಂದರೆ ಕಾಣೋದು ಬೇರೆಯೇ ಚಿತ್ರ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಹಿಂದಿನ ಧರ್ಮಾಂಬುಧಿ ಕೆರೆ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆಯಲ್ಲಿ. ಜೋರು ಮಳೆ ಬಂದಾಗ ಬೆಂಗಳೂರಿನ ತಗ್ಗು ಜಾಗಗಳಲ್ಲಿ ನೀರು ಯಾಕೆ ನಿಲ್ಲುತ್ತೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

7. ತುರಹಳ್ಳಿ ಗುಡ್ಡ, ಕನಕಪುರ ರಸ್ತೆ

ನಗರದೊಳಗೆ ಉಳಿದಿರುವ ಕಾಡು ತುರಹಳ್ಳಿ. ವಾಜರಹಳ್ಳಿ ಅಥವಾ ತಲಘಟ್ಟಪುರ ಮೆಟ್ರೊ ನಿಲ್ದಾಣದಲ್ಲಿ ಇಳಿದು ಆಟೊದಲ್ಲಿ ಹೋಗಬೇಕು. ಬಂಡೆಗಳ ಮೇಲಿಂದ ಒಂದು ಕಡೆ ಕುರುಚಲು ಕಾಡು, ಇನ್ನೊಂದು ಕಡೆ ಅಪಾರ್ಟ್‌ಮೆಂಟ್‌ಗಳು ಎದುರುಬದುರು ನಿಂತಿರೋದು ಕಾಣುತ್ತೆ. ಕಾವೇರಿ ನೀರು ಊರಿಗೆ ಏರುವ ಕೊನೆಯ ಪಂಪಿಂಗ್ ಕೇಂದ್ರ ತಾತಗುಣಿ ಕೂಡ ಇದೇ ಕನಕಪುರ ರಸ್ತೆಯಲ್ಲಿ ಮುಂದೆ ಸಿಗುತ್ತೆ.

ಇದು ಪಾರ್ಕ್ ಅಲ್ಲ, ಅರಣ್ಯ ಇಲಾಖೆಯ ಜಾಗ. ಪ್ರವೇಶದ ಸಮಯ ಮತ್ತು ನಿಯಮವನ್ನು ಗೇಟಿನಲ್ಲಿ ಕೇಳಿಕೊಂಡೇ ಒಳಗೆ ಹೋಗಿ. ಈ ಭಾಗದಲ್ಲಿ ಚಿರತೆ ಕಾಣಿಸಿಕೊಂಡ ವರದಿಗಳಿವೆ. ಮುಸ್ಸಂಜೆ ಹೊತ್ತು, ಒಂಟಿಯಾಗಿ, ಚಿಕ್ಕ ಮಕ್ಕಳನ್ನು ಮುಂದೆ ಓಡಲು ಬಿಟ್ಟು ಹೋಗೋದು ಬೇಡ.

ಎತ್ತರದ ಕಟ್ಟಡ ಹತ್ತಬಹುದಾ?

ಇದು ಹೆಚ್ಚಿನವರು ಕೇಳೋ ಪ್ರಶ್ನೆ. ಎಂ.ಜಿ. ರಸ್ತೆಯ 25 ಮಹಡಿಯ ಯುಟಿಲಿಟಿ ಕಟ್ಟಡ ಒಂದು ಕಾಲಕ್ಕೆ ಬೆಂಗಳೂರಿನ ಗುರುತಾಗಿತ್ತು. ಊರಿಂದ ಬಂದವರು ಕೆಳಗೆ ನಿಂತು ಮಹಡಿ ಎಣಿಸುತ್ತಿದ್ದರು. ಈಗ ಅದಕ್ಕಿಂತ ಎತ್ತರದ ಕಟ್ಟಡಗಳು ಹತ್ತಾರು. ಆದರೆ ಅವುಗಳಲ್ಲಿ ಹೆಚ್ಚಿನವು ಮನೆ, ಕಚೇರಿ. ಹೊರಗಿನವರಿಗೆ ಮೇಲೆ ಬಿಡೋದಿಲ್ಲ. ಕೆಲವು ಕಡೆ ಮೇಲಿನ ಮಹಡಿಯಲ್ಲಿ ಹೋಟೆಲ್, ಬಾರ್ ಇವೆ. ಅಲ್ಲಿ ನೋಟಕ್ಕೆ ಬೇರೆ ಟಿಕೆಟ್ ಇಲ್ಲದಿದ್ದರೂ ಬಿಲ್ಲಿನಲ್ಲಿ ಅದೂ ಸೇರಿಕೊಂಡಿರುತ್ತೆ. ಮೆನು ದರ ಮೊದಲೇ ನೋಡಿ, ಮಕ್ಕಳನ್ನು ಬಿಡ್ತಾರಾ ಅಂತ ಫೋನ್ ಮಾಡಿ ಕೇಳಿಯೇ ಹೋಗಿ.

ಸಾರ್ವಜನಿಕರಿಗಾಗಿ ಸುಮಾರು 500 ಕೋಟಿ ರೂ. ವೆಚ್ಚದಲ್ಲಿ 250 ಮೀಟರ್ ಎತ್ತರದ 'ಸ್ಕೈಡೆಕ್' ಕಟ್ಟುವ ಯೋಜನೆಗೆ 2024ರಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಅದರ ಜಾಗದ ಬಗ್ಗೆ ಹಲವು ಬಾರಿ ಚರ್ಚೆ, ಬದಲಾವಣೆ ಆಗಿದೆ. ಅದು ಆಗುವವರೆಗೆ ಸಾಮಾನ್ಯರಿಗೆ ದಕ್ಕುವ ಎತ್ತರ ಅಂದರೆ ಬಂಡೆ, ಗುಡ್ಡ, ಗುಡಿ, ಮೆಟ್ರೊ. ಹೀಗಾಗಿ ಇರುವ ಬಂಡೆಗಳನ್ನು ಉಳಿಸಿಕೊಳ್ಳುವುದು ಮುಖ್ಯ. ಬೆಂಗಳೂರಿನ ಸುತ್ತ ಇಂಥ ಎಷ್ಟೋ ಗುಡ್ಡಗಳು ಜಲ್ಲಿಯಾಗಿ, ಸೈಜುಗಲ್ಲಾಗಿ ಕಟ್ಟಡಗಳ ಒಳಗೆ ಸೇರಿಹೋಗಿವೆ. ಕಲ್ಲು ಕ್ವಾರಿ ನೋಡಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರಾಚೆಯ ಬೆಟ್ಟಗಳು

ನಂದಿ ಬೆಟ್ಟ (1478 ಮೀಟರ್) ನೋಡೋಕೆ ತುಮಕೂರಿನವರು ಬೆಂಗಳೂರಿಗೆ ಹೋಗಿ ತಿರುಗಬೇಕಿಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿದರೆ ನಗರದ ಟ್ರಾಫಿಕ್ ತಪ್ಪುತ್ತೆ. ಶನಿವಾರ, ಭಾನುವಾರ ಬೆಳಗಿನ ಜಾವ ಅಲ್ಲಿ ವಾಹನಗಳ ಸಾಲು ಬೆಟ್ಟದ ಕೆಳಗಿನವರೆಗೂ ಇರುತ್ತೆ. ವಾರದ ದಿನವೇ ಸರಿ. ದಾಬಸ್‌ಪೇಟೆ ಪಕ್ಕದ ಶಿವಗಂಗೆಯಂತೂ ದಾರಿಯಲ್ಲೇ ಇದೆ. ಮೇಲಿನ ಬಸವಣ್ಣನವರೆಗೆ ಹತ್ತೋಕೆ ಕಡಿದಾದ ಮೆಟ್ಟಿಲುಗಳಿವೆ. ಹೃದಯ, ಉಸಿರಾಟದ ತೊಂದರೆ ಇರುವವರು ಕೆಳಗಿನ ಗಂಗಾಧರೇಶ್ವರ ದರ್ಶನಕ್ಕೆ ತೃಪ್ತಿಪಟ್ಟುಕೊಳ್ಳೋದು ಕ್ಷೇಮ.

ಯಾವಾಗ ಹೋಗಬೇಕು? ಏನು ಎಚ್ಚರಿಕೆ?

* ಮಳೆ ಬಂದು ನಿಂತ ಮಾರನೇ ದಿನ ಧೂಳು ಕೂತು ದೂರದವರೆಗೆ ಕಾಣುತ್ತೆ. ಡಿಸೆಂಬರ್, ಜನವರಿಯ ಮುಂಜಾನೆ ಮಂಜು ಇರೋದರಿಂದ 9ರ ನಂತರ ಹೋಗಿ.
* ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಬಂಡೆ ಕಾದಿರುತ್ತೆ. ಬೆಳಿಗ್ಗೆ ಇಲ್ಲವೇ ಸಂಜೆ 4ರ ಮೇಲೆ ಹೋಗಿ.
* ಗುಡುಗು ಶುರುವಾದರೆ ಬಂಡೆ ತುದಿಯಿಂದ ಕೂಡಲೇ ಇಳಿಯಿರಿ. ಒಂಟಿ ಮರದ ಕೆಳಗೂ ನಿಲ್ಲಬೇಡಿ.
* ಒದ್ದೆ ಬಂಡೆಯ ಮೇಲೆ ಹವಾಯಿ ಚಪ್ಪಲಿ ಜಾರುತ್ತೆ. ಸೆಲ್ಫಿಗಾಗಿ ಅಂಚಿಗೆ ಹೋಗಲೇಬೇಡಿ.
* ಹೆಬ್ಬಾಳ ಸೇರಿದಂತೆ ಯಾವ ಫ್ಲೈಓವರ್ ಮೇಲೂ ಫೋಟೊಗಾಗಿ ಗಾಡಿ ನಿಲ್ಲಿಸಬೇಡಿ. ದಂಡದ ಮಾತು ಹಾಗಿರಲಿ, ಹಿಂದಿನಿಂದ ಬರುವ ವಾಹನ ನಿಲ್ಲೋದಿಲ್ಲ.
* ನೀರಿನ ಬಾಟಲಿ, ಕುರುಕಲು ತಿಂಡಿಯ ಕವರ್ ವಾಪಸ್ ತನ್ನಿ.

ಅರ್ಧ ದಿನ, ಒಂದು ದಿನ: ಹೀಗೆ ಮಾಡಬಹುದು

ಇಡೀ ದಿನ ಇದ್ದವರು: ಬೆಳಿಗ್ಗೆ ಮಹಾಲಕ್ಷ್ಮಿಯಲ್ಲಿ ಇಳಿದು ಹರೇ ಕೃಷ್ಣ ಗಿರಿ, ಅಲ್ಲಿಂದ ನ್ಯಾಷನಲ್ ಕಾಲೇಜು, ಗಾಂಧಿ ಬಜಾರ್, ಕಹಳೆ ಬಂಡೆ. ಬಸವನಗುಡಿಯಲ್ಲೇ ಊಟ. ಮಧ್ಯಾಹ್ನದ ನಂತರ ಲಾಲ್‌ಬಾಗ್ ಬಂಡೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ ರಾಗಿಗುಡ್ಡ. ಸಂಜೆ 5ರ ಒಳಗೆ ವಾಪಸ್ ಮೆಟ್ರೊ ಹತ್ತಿದರೆ ನೂಕುನುಗ್ಗಲು ತಪ್ಪುತ್ತೆ.

ಆಸ್ಪತ್ರೆಗೆ ಬಂದವರ ಜೊತೆ ಇರುವವರು: ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ಗೆ ನಮ್ಮ ಜಿಲ್ಲೆಯಿಂದ ಹೋಗುವವರು ಬಹಳ. ರೋಗಿಯನ್ನು ಒಳಗೆ ಕಳಿಸಿ, ರಿಪೋರ್ಟಿಗಾಗಿ ಗಂಟೆಗಟ್ಟಲೆ ಕಾಯೋದು ಎಲ್ಲರಿಗೂ ಗೊತ್ತಿರುವ ಕಷ್ಟ. ಕಿದ್ವಾಯಿ, ನಿಮ್ಹಾನ್ಸ್‌ನಿಂದ ಲಾಲ್‌ಬಾಗ್‌ಗೆ ಆಟೊದಲ್ಲಿ ಹೋಗುವಷ್ಟೇ ದೂರ. ಜಯದೇವಕ್ಕೆ ರಾಗಿಗುಡ್ಡ ಒಂದೇ ನಿಲ್ದಾಣ. ಇಬ್ಬರಿದ್ದರೆ ಒಬ್ಬರು ಆಸ್ಪತ್ರೆಯಲ್ಲಿ ಇರಿ, ಇನ್ನೊಬ್ಬರು ಫೋನ್ ಕೈಯಲ್ಲಿ ಹಿಡಿದು ಒಂದು ಗಂಟೆ ಹೋಗಿ ಬನ್ನಿ, ಆಮೇಲೆ ಸರದಿ ಬದಲಾಯಿಸಿ. ವಾರ್ಡಿನ ವಾಸನೆಯಿಂದ ಹೊರಬಂದು ಬಂಡೆ ಮೇಲೆ ಅರ್ಧ ಗಂಟೆ ಗಾಳಿಗೆ ಕೂತರೆ ಮತ್ತೆ ಒಳಗೆ ಹೋಗಿ ನಿಲ್ಲೋಕೆ ಧೈರ್ಯ ಬರುತ್ತೆ.

ಶುಲ್ಕ, ಸಮಯ ಮತ್ತು ರಜಾ ದಿನಗಳು ಬದಲಾಗುತ್ತಿರುತ್ತವೆ. ಹೊರಡುವ ಹಿಂದಿನ ದಿನ ಒಮ್ಮೆ ಖಚಿತಪಡಿಸಿಕೊಳ್ಳಿ.